ಗುಂಡಿಗೆ ಸೋತವರಿಗೂ ಮೂತ್ರಪಿಂಡದ ಕಸಿ ಉಂಟು
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಚಿಕಿತ್ಸೆಗಾಗಿ ಠೇವಣಿ ಮುರಿಸಲು ಬರುವವರ ಕಷ್ಟವನ್ನು ಕೌಂಟರಿನಲ್ಲಿ ಕುಳಿತು ಕೇಳುವವನು. “ಮೂತ್ರಪಿಂಡ ಎರಡೂ ಹೋಗಿವೆ, ಗುಂಡಿಗೆಯೂ ಸೋತಿದೆಯಂತೆ, ಇನ್ನು ಕಸಿಯ ಆಸೆಯಿಲ್ಲ” ಎನ್ನುವವರುಂಟು. ಈ ಕೊನೆಯ ಮಾತು ಯಾವಾಗಲೂ ನಿಜವಲ್ಲವೆಂದು ಅರಿಕೆ ಮಾಡಿಕೊಳ್ಳುವುದೇ ನನ್ನ ಉದ್ದೇಶ.

ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ನೀರೂ ಉಪ್ಪೂ ಮೈಯಲ್ಲಿ ಉಳಿಯುತ್ತವೆ, ರಕ್ತದ ಒತ್ತಡ ಏರುತ್ತದೆ, ರಕ್ತಹೀನತೆ ತಲೆದೋರುತ್ತದೆ. ಇಷ್ಟು ಭಾರ ಹೊತ್ತ ಗುಂಡಿಗೆ ದಣಿಯುವುದು ಸಹಜ. ಆರೋಗ್ಯವುಳ್ಳ ಗುಂಡಿಗೆಯ ಎಡಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಸುಮಾರು 55ರಷ್ಟನ್ನಾದರೂ ಪ್ರತಿ ಮಿಡಿತಕ್ಕೂ ಹೊರದೂಡುತ್ತದೆ. ದಣಿದ ಗುಂಡಿಗೆಯಲ್ಲಿ ಅದು 30ಕ್ಕೂ ಇಳಿಯಬಹುದು. ಎಕೋ ಪರೀಕ್ಷೆಯಿಂದ ಈ ಅಂಕೆ ತಿಳಿಯುತ್ತದೆ.

ಅಮೆರಿಕದ ಮೇರಿಲೆಂಡಿನ ವೈದ್ಯರು 2005ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಈ ಅಂಕೆ 40ನ್ನು ಮೀರದಿದ್ದ 103 ಮಂದಿಗೆ ಮೂತ್ರಪಿಂಡದ ಕಸಿಯಾಗಿತ್ತು. ಮೊದಲು ಸರಾಸರಿ 32ರಷ್ಟಿದ್ದುದು ವರ್ಷ ತುಂಬುವಷ್ಟರಲ್ಲಿ 52ಕ್ಕೆ ಏರಿತು. ಹೊಸ ಮೂತ್ರಪಿಂಡ ಭಾರ ಇಳಿಸಿತು, ಗುಂಡಿಗೆ ಚೇತರಿಸಿಕೊಂಡಿತು. ಆದರೆ ಡಯಾಲಿಸಿಸಿನಲ್ಲಿಯೇ ಬಹುಕಾಲ ಕಳೆದಿದ್ದವರಲ್ಲಿ ಈ ಚೇತರಿಕೆ ಕಡಮೆ. ತಡಮಾಡಿದಷ್ಟೂ ಬಡ್ಡಿ ಬೆಳೆಯುವ ಸಾಲವಿದು.

ಎಲ್ಲರಿಗೂ ಇದು ಸಲ್ಲುತ್ತದೆಂದಲ್ಲ. ಗುಂಡಿಗೆಯ ರಕ್ತನಾಳ ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕಾದೀತು. ಗುಂಡಿಗೆಯ ಸ್ನಾಯುವೇ ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ ಕೆಲವರಿಗೆ ಎರಡು ಅಂಗಗಳನ್ನೂ ಕಸಿಮಾಡುವುದುಂಟು. ಶಸ್ತ್ರಕ್ರಿಯೆಯ ಅಪಾಯವೂ ಇಂಥವರಿಗೆ ಹೆಚ್ಚು. ಮೂತ್ರಪಿಂಡದ ತಜ್ಞರು, ಹೃದಯದ ತಜ್ಞರು, ಅರಿವಳಿಕೆಯ ವೈದ್ಯರು ಕೂಡಿ ತೀರ್ಮಾನಿಸತಕ್ಕ ವಿಷಯವಿದು. ನಾವು ಕೇಳಬೇಕಾದುದು ಇಷ್ಟೇ: “ಗುಂಡಿಗೆ ಏಕೆ ಸೋತಿದೆ? ಕಸಿಯಾದರೆ ಸುಧಾರಿಸೀತೆ?” ಈ ಪ್ರಶ್ನೆಯನ್ನು ಕೇಳದೆ ಆಸೆ ಬಿಡಬಾರದು.

1971ರಲ್ಲಿ ವೆಲ್ಲೂರಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾದಾಗ ಅದು ದೇಶಕ್ಕೇ ಸುದ್ದಿ. ಇಂದು ನಮ್ಮ ಹೈದರಾಬಾದಿನಲ್ಲಿಯೇ, ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ಆ ಕೆಲಸ ನಡೆಯುತ್ತದೆ. ಮೃತರ ಅಂಗಗಳನ್ನು ಹಂಚುವ ಜೀವನ್‌ದಾನ್ ಯೋಜನೆಯೂ 2013ರಿಂದ ಇದೆ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ತೊಡಕು. ಅಂಗ ಕೊಡಬಲ್ಲ ಅಣ್ಣನೋ ತಂಗಿಯೋ ಬೀದರಿನಲ್ಲಿ, ರಾಯಚೂರಿನಲ್ಲಿ ಇರುತ್ತಾರೆ. 1994ರ ಕಾಯಿದೆಯಂತೆ ಹತ್ತಿರದ ಸಂಬಂಧವನ್ನು ದಾಖಲೆಗಳಿಂದ ತೋರಿಸಬೇಕು. ಅಲ್ಲಿನ ಕಾಗದದಲ್ಲಿ ತಂದೆಯ ಹೆಸರು ಒಂದು ಬಗೆ, ಇಲ್ಲಿನದರಲ್ಲಿ ಇನ್ನೊಂದು ಬಗೆ! ಒಂದಕ್ಷರದ ವ್ಯತ್ಯಾಸಕ್ಕೆ ಎಷ್ಟು ಅಲೆದಾಟವೆಂಬುದನ್ನು ನಾನು ದಿನವೂ ಕಾಣುತ್ತೇನೆ. ಎಲ್ಲರೂ ಕ್ಷೇಮವಾಗಿರುವಾಗಲೇ ಅದನ್ನು ತಿದ್ದಿಸಿಡಿ. ನಿಮ್ಮ ಮನೆಯಲ್ಲಿ ಅಂಗದಾನದ ಮಾತನ್ನೂ ಆಡಿ. ಊರಿನಿಂದ ಅಕ್ಕಿಬೇಳೆ ತರಿಸುವ ನಂಟು ಇಂಥ ಆಪತ್ತಿಗೂ ಒದಗಲಿ.