ಮಾಲ್ಯವಂತದಲ್ಲಿ ಒಂದು ಮಳೆಗಾಲ



1965ರ ಜೂನ್ 14ರಂದು ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ಹಾಡಿನ ಹೆಸರು ‘ಯೆಸ್ಟರ್‌ಡೇ’. ಅವರಿಗಿನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ರಾಗ ಕನಸಿನಲ್ಲಿ ಬಂತಂತೆ. ಮಾತು ಸಿಗದೆ ಬಹಳ ದಿನ ಮೊಟ್ಟೆ ಬುರ್ಜಿಯ ಮೇಲೊಂದು ಪೊಳ್ಳು ಸಾಲು ಜೋಡಿಸಿ ಗುನುಗುತ್ತಿದ್ದರು. ಕೊನೆಗೆ ಕೂಡಿಬಂದ ಸಂಗತಿ ಇಷ್ಟೇ: ಪ್ರೀತಿಸಿದವಳು ಹೋಗಿಬಿಟ್ಟಳು, ಯಾಕೆಂದು ಹೇಳಲಿಲ್ಲ. ಎರಡು ನಿಮಿಷಕ್ಕೆ ಹಾಡು ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಇಲ್ಲದೆ. ಹದಿನಾಲ್ಕರಲ್ಲಿ ತಾಯಿಯನ್ನು ಕಳೆದುಕೊಂಡ ನೋವೂ ಅದರೊಳಗೆ ಅಡಗಿತ್ತೇನೋ ಎಂದು ಎಷ್ಟೋ ವರ್ಷಗಳ ಮೇಲೆ ಅವರೇ ಹೇಳಿದ್ದುಂಟು. ತಂಡದ ಉಳಿದ ಮೂವರು ಈ ಹಾಡಿನಲ್ಲಿ ಇಲ್ಲವೇ ಇಲ್ಲ. ಆಮೇಲೆ ಜೊತೆಗೆ ಬಂದದ್ದು ನಾಲ್ಕು ತಂತಿವಾದ್ಯ ಮಾತ್ರ.

ಈ ಹಾಡು ಕೇಳಿದಾಗೆಲ್ಲ ನನಗೆ ನಮ್ಮ ಮಾಲ್ಯವಂತ ಗುಡ್ಡ ನೆನಪಾಗುತ್ತದೆ. ಕಮಲಾಪುರದಿಂದ ಕಂಪ್ಲಿ ರಸ್ತೆ ಹಿಡಿದರೆ ಸಿಗುತ್ತದಲ್ಲ, ಅದೇ. ವಾಲಿ ಸತ್ತು ಸುಗ್ರೀವನಿಗೆ ಪಟ್ಟವಾದ ಮೇಲೆ ರಾಮ ಮಳೆಗಾಲ ಕಳೆದದ್ದು ಅಲ್ಲೇ ಎಂಬುದು ಈ ಸೀಮೆಯ ನಂಬಿಕೆ. ಮಳೆಯಲ್ಲಿ ದಂಡು ನಡೆಯುವಂತಿಲ್ಲ, ಕೂತು ಕಾಯಬೇಕು. ವಾಲ್ಮೀಕಿಯ ರಾಮ ಆಗ ದೇವರಂತೆ ಮಾತಾಡುವುದಿಲ್ಲ. ಬಿಸಿಲಿಗೆ ಕಾದ ನೆಲಕ್ಕೆ ಮೊದಲ ಮಳೆ ಬಿದ್ದು ಹಬೆ ಎದ್ದರೆ, ಸೀತೆಯೇ ಕಣ್ಣೀರಿಟ್ಟಂತೆ ಅವನಿಗೆ ಕಾಣುತ್ತದೆ. ಕರಿಮೋಡದಲ್ಲಿ ಮಿಂಚು ಹೊಯ್ದಾಡಿದರೆ, ರಾವಣನ ತೊಡೆಯ ಮೇಲೆ ಒದ್ದಾಡುವ ಸೀತೆ. ನಮ್ಮ ಕಡೆಯ ಮಳೆಗೆ ಬಂಡೆಗಳು ಹಬೆಯಾಡುವುದನ್ನು ಕಂಡವರಿಗೆ ಇದು ಬರೀ ಕವಿಯ ಉಪಮೆ ಅನಿಸಲಿಕ್ಕಿಲ್ಲ.

ಅಲ್ಲಿಯ ರಘುನಾಥನ ಗುಡಿಯನ್ನು ಒಂದು ದೊಡ್ಡ ಬಂಡೆಗೇ ಹೊಂದಿಸಿ ಕಟ್ಟಿದ್ದಾರೆ. ಬಂಡೆಯ ನೆತ್ತಿ ಗರ್ಭಗುಡಿಯ ಮಾಳಿಗೆ ದಾಟಿ ಮೇಲೆ ಬಂದಿದೆ. ಒಳಗೆ ಅದೇ ಕಲ್ಲಿನಲ್ಲಿ ಕೆತ್ತಿದ ರಾಮ ಕೂತಿದ್ದಾನೆ, ಪಕ್ಕದಲ್ಲಿ ಸೀತೆ! ಕತೆಯ ಪ್ರಕಾರ ಅವಳು ಆಗ ಲಂಕೆಯಲ್ಲಿ. ಈ ಗುಡ್ಡದ ಮೇಲೆ ರಾಮನನ್ನು ಒಂಟಿಯಾಗಿ ಕೂರಿಸಲು ಶಿಲ್ಪಿಗೆ ಮನಸ್ಸಾಗಲಿಲ್ಲ ಅಂತ ನನ್ನ ಊಹೆ.

ಆದರೆ ರಾಮ ಪೂರ್ತಿ ಒಂಟಿಯೂ ಅಲ್ಲ. ಅವನು ಹೇಳಿಕೊಂಡದ್ದೆಲ್ಲ ಲಕ್ಷ್ಮಣನ ಮುಂದೆ. ನಡುವೆ ಬಾಯಿ ಹಾಕದೆ ತಮ್ಮ ಅಷ್ಟನ್ನೂ ಕೇಳುತ್ತಾನೆ. ಅತ್ತಿಗೆಯನ್ನು ಮರೆತುಬಿಡು ಎನ್ನುವುದಿಲ್ಲ, ಗಂಡಸಾಗಿ ಅಳುವುದೇ ಎಂದೂ ಕೇಳುವುದಿಲ್ಲ. ಶರತ್ಕಾಲದವರೆಗೆ ತಾಳಿಕೋ ಅಣ್ಣಾ, ಸುಗ್ರೀವ ಕೊಟ್ಟ ಮಾತು ನಡೆಸಿಕೊಡುತ್ತಾನೆ ಎಂದು ಕೈಮುಗಿಯುತ್ತಾನೆ, ಅಷ್ಟೇ. ಶರತ್ಕಾಲವೇನೋ ಬಂತು. ಸುಗ್ರೀವ ಕುಡಿತದಲ್ಲಿ ಮೈಮರೆತಿದ್ದ. ಆಗ ಕಿಡಿಕಿಡಿಯಾಗಿ ಬಿಲ್ಲು ಹಿಡಿದು ಕಿಷ್ಕಿಂಧೆಯ ಬಾಗಿಲಿಗೆ ಹೋದವನೂ ಇದೇ ಲಕ್ಷ್ಮಣ.