ಹೀರೋ ಪಕ್ಕದ ಕೌಂಟರ್‌ನಲ್ಲಿ ನಿಂತವನು

ಹಳೇ ಹಾಲಿವುಡ್ ಲವ್ ಸ್ಟೋರಿಗಳ ಬಗ್ಗೆ ಮಾತಾಡಿ ಅಂತ ತುಂಬ ಜನ ಮೆಸೇಜ್ ಹಾಕಿದ್ರಿ. 'ಕಾಸಾಬ್ಲಾಂಕಾ', 'ರೋಮನ್ ಹಾಲಿಡೇ' ಹೆಸರೇ ಜಾಸ್ತಿ ಬಂತು. ಎರಡೂ ಚೆನ್ನಾಗಿವೆ, ನೋಡಿ. ನಾನು ಮಾತ್ರ ಇವತ್ತು ಹಿಡ್ಕೊಂಡು ಬಂದಿರೋದು 1940ರ 'ದಿ ಶಾಪ್ ಅರೌಂಡ್ ದಿ ಕಾರ್ನರ್'. ಅದರಲ್ಲೂ ಹೀರೋ ಬಗ್ಗೆ ಅಲ್ಲ, ಹೀರೋ ಜೊತೆ ಕೆಲಸ ಮಾಡೋ ಒಬ್ಬ ಗುಮಾಸ್ತನ ಬಗ್ಗೆ.

ಕಥೆ ಬೇಗ ಹೇಳಿಬಿಡ್ತೀನಿ. ಬುಡಾಪೆಸ್ಟ್‌ನಲ್ಲಿ ಮಾಟುಶೆಕ್ ಅನ್ನೋರದ್ದೊಂದು ಅಂಗಡಿ. ಚರ್ಮದ ಸಾಮಾನು, ಗಿಫ್ಟ್ ಐಟಂ ಮಾರ್ತಾರೆ. ಅಲ್ಲಿ ಕ್ರಾಲಿಕ್ ಮತ್ತು ಕ್ಲಾರಾಗೆ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗಲ್ಲ. ಆದ್ರೆ ಇಬ್ಬರೂ ಹೆಸರು ಹಾಕದೆ ಯಾರಿಗೋ ಪ್ರೇಮಪತ್ರ ಬರೀತಾ ಇದ್ದಾರೆ, ಅದು ಪರಸ್ಪರರಿಗೇ ಅಂತ ಗೊತ್ತಿಲ್ಲ. 1998ರಲ್ಲಿ ಇದೇ ಕಥೆಗೆ ಇಮೇಲ್ ಸೇರಿಸಿ 'ಯೂವ್ ಗಾಟ್ ಮೇಲ್' ಮಾಡಿದ್ರು, ಟಾಮ್ ಹ್ಯಾಂಕ್ಸ್‌ದು.

ನಾನು ಕಾಮರ್ಸ್ ಹುಡುಗ ಅಲ್ವಾ, ನಂಗೆ ಈ ಸಿನಿಮಾ ಹಿಡಿಸಿದ್ದು ಸಂಬಳದ ಮಾತಿನಿಂದ. ಬಹಳಷ್ಟು ಲವ್ ಸ್ಟೋರಿಗಳಲ್ಲಿ ಯಾರಿಗೆ ಎಷ್ಟು ಸಂಬಳ, ಬಾಡಿಗೆ ಯಾರು ಕಟ್ತಾರೆ ಅಂತ ಗೊತ್ತೇ ಆಗಲ್ಲ. ಇಲ್ಲಿ ಕ್ರಾಲಿಕ್ ತನ್ನ ಸಹೋದ್ಯೋಗಿ ಪಿರೋವಿಚ್‌ನ ಕೇಳ್ತಾನೆ, ಮದುವೆ ಆದ್ರೆ ಖರ್ಚು ಎಷ್ಟಾಗುತ್ತೆ ಅಂತ. ಇವನ ತಲೇಲಿ ಮೂರು ರೂಮಿನ ಮನೆ ಇದೆ. ಪಿರೋವಿಚ್ ಒಂದೊಂದೇ ರೂಮ್ ಕಡಿಮೆ ಮಾಡ್ತಾ ಬರ್ತಾನೆ, ಊಟಕ್ಕೆ ಅಡುಗೆಮನೆ ಸಾಕು ಅಂತಾನೆ. ನೆಂಟರು ಬಂದ್ರೆ? ನಿಜವಾದ ಸ್ನೇಹಿತ ಆಗಿದ್ರೆ ಊಟದ ಹೊತ್ತು ಕಳೆದ ಮೇಲೆ ಬರ್ತಾನೆ! ನಾನು ಹಾಸ್ಟೆಲ್‌ನಲ್ಲಿ ಮೊದಲ ಸಲ ನೋಡಿದಾಗ ಬಿದ್ದು ಬಿದ್ದು ನಕ್ಕಿದ್ದೆ.

ಈ ಪಿರೋವಿಚ್ ಪಾತ್ರ ಮಾಡಿದೋರು ಫೆಲಿಕ್ಸ್ ಬ್ರೆಸಾರ್ಟ್. ಜರ್ಮನಿಯಲ್ಲಿ ಹೆಸರು ಮಾಡಿದ್ದ ಯಹೂದಿ ಹಾಸ್ಯ ನಟ. 1933ರಲ್ಲಿ ಹಿಟ್ಲರ್ ಬಂದ ಮೇಲೆ ದೇಶ ಬಿಟ್ರು, ಕೊನೆಗೆ ಹಾಲಿವುಡ್ ಸೇರಿದ್ರು. ಡೈರೆಕ್ಟರ್ ಅರ್ನ್ಸ್ಟ್ ಲುಬಿಚ್ ಕೂಡ ಬರ್ಲಿನ್‌ನವರೇ, ಟೈಲರ್ ಮಗ. ಚಿಕ್ಕ ವಯಸ್ಸಿನಲ್ಲಿ ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೀತಿದ್ರಂತೆ. ಅಂಗಡಿ ಒಳಗಿನ ಭಯ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಸುಮ್ಮನೆ ಅಲ್ಲ.

ಭಯ ಅಂದ್ನಲ್ಲ. ಮಾಟುಶೆಕ್ ಯಾವಾಗ "ನಿಮ್ಮ ಪ್ರಾಮಾಣಿಕ ಅಭಿಪ್ರಾಯ ಹೇಳಿ" ಅಂದ್ರೂ ಪಿರೋವಿಚ್ ಅಲ್ಲಿಂದ ಮಾಯ. ಮಾಲೀಕನ ಬಾಯಿಂದ ಆ ಮಾತು ಬಂದ್ರೆ ಸಾಕು, ಮೆಟ್ಟಿಲು ಹತ್ತಿ ಓಟ. ಹೆಂಡತಿ ಮಕ್ಕಳಿದ್ದಾರೆ, ಕೆಲಸ ಬೇಕು. ಒಂದು ಡೈಲಾಗ್ ಇಲ್ಲ, ಬರೀ ಕಾಲು. ನಾನು ನಗೋದು ನಿಲ್ಲಿಸಿದ್ದು ಎರಡನೇ ಸಲ ನೋಡಿದಾಗ.

ಯಾಕೆ ಅಂದ್ರೆ ಅಷ್ಟೊತ್ತಿಗೆ ನಾನೂ ಕೆಲಸಕ್ಕೆ ಸೇರಿದ್ದೆ. ಒಂದು ಆಡಿಟ್ ಆಫೀಸ್, ಹೆಸರು ಬೇಡ. ಒಬ್ಬ ಕ್ಲೈಂಟ್‌ದು ಜಿಎಸ್‌ಟಿ ರಿಟರ್ನ್ ತಡ ಆಗಿ ದಂಡ ಬಿತ್ತು. ತಪ್ಪೆಲ್ಲ ನಮ್ಮ ಸೀನಿಯರ್ ಒಬ್ಬರ ತಲೆಗೆ ಬಂತು. ಬಿಲ್‌ಗಳು ಬಂದದ್ದೇ ತಡವಾಗಿ, ಆ ಮೇಲ್ ನನ್ನ ಇನ್‌ಬಾಕ್ಸ್‌ನಲ್ಲಿತ್ತು. ಬಾಸ್ ಕ್ಯಾಬಿನ್‌ಗೆ ಕರೆದು, "ನೀನೇ ಹೇಳಪ್ಪ, ಏನಾಯ್ತು?" ಅಂದ್ರು. "ನಂಗೆ ಸರಿಯಾಗಿ ಗೊತ್ತಿಲ್ಲ ಸರ್" ಅಂದೆ. ಸಂಜೆ ಆ ಸೀನಿಯರ್ ಟಿಫಿನ್ ಬಾಕ್ಸ್ ಬ್ಯಾಗಿಗೆ ಹಾಕ್ಕೊಂಡು ಹೊರಟ್ರು. ನಾನು ಎಕ್ಸೆಲ್ ಶೀಟ್ ನೋಡ್ತಾ ಕೂತಿದ್ದೆ. ಹೊರಗೆ ಬಂದು ಬಸ್ ಸ್ಟಾಪ್‌ವರೆಗೂ ಹೋಗಲಿಲ್ಲ.

ಸಿನಿಮಾದಲ್ಲೂ ಕ್ರಾಲಿಕ್ ಕೆಲಸ ಹೋಗುತ್ತೆ, ತಪ್ಪು ಅನುಮಾನದಿಂದ. ಅದೇ ರಾತ್ರಿ ಪತ್ರದ ಹುಡುಗಿಯನ್ನ ಕೆಫೆಯಲ್ಲಿ ಭೇಟಿ ಮಾಡ್ಬೇಕು. ಆಗ ಅವನ ಜೊತೆ ಯಾರು ಹೋಗ್ತಾರೆ ಗೊತ್ತಾ? ಮೆಟ್ಟಿಲು ಹತ್ತಿ ಓಡ್ತಿದ್ದ ಇದೇ ಪಿರೋವಿಚ್. ಕ್ರಾಲಿಕ್‌ಗೆ ಕಿಟಕಿಯಲ್ಲಿ ಇಣುಕಿ ನೋಡೋ ಧೈರ್ಯ ಇಲ್ಲ, ಇವನೇ ನೋಡಿ ಹೇಳ್ಬೇಕು. ಒಳಗೆ ಕೂತಿರೋದು ಕ್ಲಾರಾ. ಅದನ್ನ ಸ್ನೇಹಿತನಿಗೆ ಒಂದೇ ಸಲಕ್ಕೆ ಹೇಳದೆ, ನಿಧಾನಕ್ಕೆ ಸುತ್ತಿ ಬಳಸಿ ಹೇಳ್ತಾನಲ್ಲ, ಬ್ರೆಸಾರ್ಟ್ ದನಿ ಕೇಳಿ ಅಲ್ಲಿ. ನಗೂ ಬರುತ್ತೆ, ಕ್ರಾಲಿಕ್ ಮೇಲೆ ಎಷ್ಟು ಅಕ್ಕರೆ ಅಂತಾನೂ ಗೊತ್ತಾಗುತ್ತೆ. ಹಾಗಂತ ಇವನೇನು ಮಾಲೀಕನ ಎದುರು ನಿಂತು ವಾದ ಮಾಡ್ಲಿಲ್ಲ. ಕೆಲಸ ಹೋದವನ ಜೊತೆ ಬೀದಿಯಲ್ಲಿ ನಡೆದ, ಅಷ್ಟೇ. ನಾನು ಅದನ್ನೂ ಮಾಡಿರಲಿಲ್ಲ.

ಕ್ಲಾರಾ ಪಾತ್ರದ ಮಾರ್ಗರೆಟ್ ಸಲ್ಲವನ್ ಬಗ್ಗೆ ಹೇಳದಿದ್ರೆ ತಪ್ಪಾಗುತ್ತೆ. ಒಟ್ಟು 16 ಸಿನಿಮಾ ಮಾಡಿದ್ರು, ಒಂದೇ ಒಂದು ಆಸ್ಕರ್ ನಾಮಿನೇಶನ್. ಜೇಮ್ಸ್ ಸ್ಟೂವರ್ಟ್ ಇನ್ನೂ ಯಾರಿಗೂ ಗೊತ್ತಿಲ್ಲದಾಗ, 1936ರಲ್ಲಿ ತನ್ನ ಸಿನಿಮಾಗೆ ಅವರೇ ಹೀರೋ ಆಗ್ಬೇಕು ಅಂತ ಹಟ ಹಿಡಿದೋರು ಇವರೇ. ಇಲ್ಲಿ ಕ್ರಾಲಿಕ್ ಆಗಿರೋದು ಅದೇ ಸ್ಟೂವರ್ಟ್. ಸಲ್ಲವನ್‌ದು ಒಂದು ದೃಶ್ಯ ಇದೆ. ಕ್ಯಾಮೆರಾ ಪೋಸ್ಟ್ ಬಾಕ್ಸ್‌ಗಳ ಹಿಂದುಗಡೆ ಇದೆ. ಗ್ಲೌಸ್ ಹಾಕಿದ ಕೈಯೊಂದು ಒಳಗೆ ಬರುತ್ತೆ, ಖಾಲಿ ಗೂಡನ್ನ ತಡಕುತ್ತೆ. ಪತ್ರ ಇಲ್ಲ. ಕೈ ಹೋಗುತ್ತೆ, ಆಮೇಲೆ ಅವಳ ಮುಖ ಇಣುಕುತ್ತೆ. ನಾವು ಬ್ಲೂ ಟಿಕ್ ಬಂತಾ ಅಂತ ಹತ್ತು ಸಲ ಫೋನ್ ನೋಡ್ತೀವಲ್ಲ, ಅದೇ ಮುಖ. ಕೆಲವೇ ಸೆಕೆಂಡು, ಅಳು ಗಿಳು ಏನಿಲ್ಲ.

ಹೋದ ತಿಂಗಳು ಮತ್ತೆ ನೋಡಿದೆ. ಮುಗಿದ ಮೇಲೆ ಆ ಸೀನಿಯರ್‌ಗೆ ಫೋನ್ ಮಾಡಿದೆ, ಐದು ವರ್ಷದ ಮೇಲೆ. ಊಟ ಆಯ್ತಾ ಅಂತ ಕೇಳಿದ್ರು. ನಾನು ಮೇಲ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಆ ಮೇಲ್ ಈಗಲೂ ಇದ್ಯೇನಯ್ಯಾ?" ಅಂದ್ರು. "ಇಲ್ಲ ಸರ್, ಆಫೀಸ್ ಐಡಿ ಹೋಯ್ತು" ಅಂದೆ. "ಹ್ಞೂಂ" ಅಂದ್ರು. ಆಮೇಲೆ ಇಬ್ಬರೂ ಮಳೆ ಬಗ್ಗೆ ಮಾತಾಡಿದ್ವಿ.

ಸಿನಿಮಾ 99 ನಿಮಿಷ, ಕಪ್ಪು ಬಿಳುಪು. ಸಬ್‌ಟೈಟಲ್ ಹಾಕ್ಕೊಂಡು ನೋಡಿ, ಮೊದಲ ಹತ್ತು ನಿಮಿಷ ಸ್ವಲ್ಪ ತಾಳ್ಮೆ ಇರಲಿ. ಬ್ರೆಸಾರ್ಟ್ ಇಷ್ಟ ಆದ್ರೆ 1942ರ 'ಟು ಬಿ ಆರ್ ನಾಟ್ ಟು ಬಿ' ಹುಡುಕಿ. ಮುಂದಿನ ವಾರ ಅದರ ಬಗ್ಗೇನೇ ಮಾತಾಡೋಣ.