ಹುಲ್ಲಿನ ಕಷಾಯ ಬೇರೆ, ಸೀಸೆಯ ಎಣ್ಣೆ ಬೇರೆ



“ಸುವಾಸನೆ ಎಣ್ಣೆ ಬೈಬಲ್ಲಿನ ಕಾಲದ ಮದ್ದಂತೆ, ನಾಲ್ಕು ಹನಿ ಕುಡಿದರೆ ತಪ್ಪೇನು ಸ್ವಾಮಿ?” ಎಂದು ನಮ್ಮ ತಳಕಿನ ಕಡೆಯೂ ಕೇಳುವವರುಂಟು.

ಬೈಬಲ್ಲಿನಲ್ಲಿ ಸುಗಂಧ ತೈಲದ ಮಾತು ಬರುವುದು ನಿಜ. ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ ಬೋಳ, ದಾಲ್ಚಿನ್ನಿ ಮೊದಲಾದವನ್ನು ಆಲಿವ್ ಎಣ್ಣೆಗೆ ಬೆರೆಸುವ ಕ್ರಮವಿದೆ. ಅದು ದೇವರ ಗುಡಾರಕ್ಕೂ ಯಾಜಕರಿಗೂ ಹಚ್ಚುವುದಕ್ಕೆ. ಲೂಕನ ಸುವಾರ್ತೆಯ ಕಥೆಯಲ್ಲಿ, ಕಳ್ಳರಿಂದ ಪೆಟ್ಟು ತಿಂದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ಯುತ್ತಾರೆ. ಎರಡೂ ಮೈಮೇಲಿನ ಉಪಯೋಗವೇ. ನಮ್ಮ ಅಜ್ಜಿಯರು ಕೊಬ್ಬರಿ ಎಣ್ಣೆಗೆ ಸೊಪ್ಪು ಹಾಕಿ ಕಾಯಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಆ ಬಗೆಯದು.

ಈಗಿನ ಸೀಸೆಯ ಎಣ್ಣೆಯಾದರೋ ಆವಿಯಲ್ಲಿ ಬಟ್ಟಿ ಇಳಿಸಿದ್ದು. ನಿಂಬೆಹುಲ್ಲನ್ನೇ ನೋಡಿ, ಕೆಲವರು ಮಜ್ಜಿಗೆಹುಲ್ಲು ಅಂತೀರಿ. 100 ಕಿಲೋ ಹಸಿಹುಲ್ಲಿಗೆ ಅರ್ಧ ಕಿಲೋ ಎಣ್ಣೆ ಸಿಗುವುದೂ ಕಷ್ಟ. ಅಂದರೆ ಒಂದು ಚಮಚದಲ್ಲಿ ಸುಮಾರು ಒಂದು ಕಿಲೋ ಹುಲ್ಲಿನ ಸಾರ! ಯಾರಾದರೂ ಅಷ್ಟು ಹುಲ್ಲು ಒಂದೇ ಸಲಕ್ಕೆ ತಿಂದಾರೆಯೇ?

ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಇನ್ನೂ ಅಪಾಯ. ಒಂದು ಚಮಚ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ; 108ಕ್ಕೆ ಫೋನು ಮಾಡಿ, ಸೀಸೆಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಮನೆಗೆ ಬೇಕೆಂದರೆ ಬಚ್ಚಲ ನೀರು ಹರಿಯುವ ಕಡೆ, ನಿಲ್ಲದ ಜಾಗದಲ್ಲಿ, ನಿಂಬೆಹುಲ್ಲಿನ ಒಂದು ಬುಡ ನೆಡಿ. ನೆಗಡಿಯಾದಾಗ ನಾಲ್ಕು ಎಲೆ ಕುದಿಸಿ ಕುಡಿದರೆ ಹಿತ. ಹೊಲಕ್ಕೇ ಹಾಕುವ ಯೋಚನೆಯಿದ್ದರೆ, ಬಟ್ಟಿ ಇಳಿಸುವ ಘಟಕ ಎಷ್ಟು ದೂರ, ಎಣ್ಣೆ ಕೊಳ್ಳುವವರು ಯಾರು ಎಂದು ಮೊದಲು ವಿಚಾರಿಸಿ. ಶೇಂಗಾ ತೆಗೆಯುವ ಮಾತು ಆಮೇಲಿನದು.